ಬಿಳಿ ಷರಟಿನ ಸಂತಾಪ

(2021ರ ಫೆಬ್ರವರಿ 23. ಚಿಕ್ಕಬಳ್ಳಾಪುರ ಜಿಲ್ಲೆಯ ಪೆರೇಸಂದ್ರ ಕ್ರಾಸಿನ ಟೀ ಅಂಗಡಿ. ಹತ್ತಿರದ ಹಿರೇನಾಗವಲ್ಲಿಯಲ್ಲಿ ನಡುರಾತ್ರಿ ಕ್ವಾರಿಯ ಜಿಲೆಟಿನ್ ಸಿಡಿದು ಆರು ಜನ ಸತ್ತಿದ್ದಾರೆ.)

ಲೀಡರ್: ಒಂದು ಟೀ ಕೊಡಣ್ಣ, ಸಕ್ಕರೆ ಕಮ್ಮಿ. ದುಃಖದಾಗಿವ್ನಿ.

ಅಂಗಡಿಯಾತ: ಷರಟು ಗರಿಗರಿ ಐತಲ್ಲಣ್ಣ!

ಲೀಡರ್: ಮಂತ್ರಿಗಳು ಬತ್ತಾವ್ರೆ, ಟೀವಿಯೋರೂ ಇರ್ತಾರೆ. ಶ್ರದ್ಧಾಂಜಲಿ ಫ್ಲೆಕ್ಸಿಗೂ ಹೇಳಿವ್ನಿ.

ಅಂಗಡಿಯಾತ: ಸತ್ತೋರ ಫೋಟೊ ಸಿಕ್ತಾ?

ಲೀಡರ್: ಸಾಹೇಬ್ರದು, ನಂದು, ನಮ್ಮ ಹುಡುಗರದು ಹಾಕಿ ಜಾಗ ಉಳಿದ್ರೆ ನೋಡಾನ.

(ಲೋಟ ಎತ್ತಿ ಉಫ್ ಅಂತಾನೆ. ದುಃಖ ಬಿಸಿಯಿದ್ದಾಗ ಊದಿಕೊಂಡೇ ಕುಡೀಬೇಕು ನೋಡಿ.)

ಅಂಗಡಿಯಾತ: ಹೋದ ತಿಂಗಳು ಶಿವಮೊಗ್ಗದ ಹುಣಸೋಡಾಗೂ ಹಿಂಗೇ ಆಯ್ತಲ್ಲಣ್ಣ. ಆಗ ನೀವು ಕಮಕ್ ಕಿಮಕ್ ಅನ್ನಲಿಲ್ಲ.

ಲೀಡರ್: ಅದು ಬೇರೆ ಜಿಲ್ಲೆ ಕಣಣ್ಣ, ವಾಟ್ಸಾಪ್ ಸ್ಟೇಟಸ್ ಸಾಕಿತ್ತು. ಇದು ನಮ್ಮ ಕ್ಷೇತ್ರ, ಕಣ್ಣೀರೇ ಬೇಕು.

ಅಂಗಡಿಯಾತ: ಬಂಡೆ ಸಿಡಿಸೋ ಏಟಿಗೆ ಗೋಡೆ ಬಿರುಕು ಬಿಟ್ಟೈತೆ ಅಂತ ಜನ ನಿಮ್ಮತ್ರ ಬಂದಿದ್ರಲ್ಲ?

ಲೀಡರ್: ಆಗಿನ್ನೂ ಯಾರೂ ಸತ್ತಿರಲಿಲ್ಲವಲ್ಲಣ್ಣ, ಏನಂತ ಖಂಡಿಸೋದು?

(ಫೋನು ಬಡಕೊಳ್ಳುತ್ತೆ.)

ಲೀಡರ್: ಹಲೋ... ಟಿಪ್ಪರ್ರಾ? ಇವತ್ತು ಬ್ಯಾಡ ಕಣ್ಲಾ, ಕ್ಯಾಮೆರಾ ಅವೆ. ನಾಳಿದ್ದು ಕಳಿಸು. (ಫೋನು ಇಟ್ಟು) ತಪ್ಪಿತಸ್ಥರು ಯಾರೇ ಆಗಿರ್ಲಿ, ಬಿಡೋ ಮಾತೇ ಇಲ್ಲ!

ಅಂಗಡಿಯಾತ: ಟೀ ದುಡ್ಡು?

ಲೀಡರ್: ಇಂಥಾ ಹೊತ್ನಾಗೆ ದುಡ್ಡು ಕೇಳ್ತೀಯಲ್ಲ, ಮನುಷ್ಯತ್ವ ಬ್ಯಾಡ್ವಾ?

ಕೇಸು ಸಿಐಡಿಗೆ ಹೋಯಿತು. ಟೀ ಲೆಕ್ಕದ ಪುಸ್ತಕಕ್ಕೆ ಹೋಯಿತು.