ಅಜ್ಜ ಕುದುರೆ ಏರಿ ಹೊರಟ

ದಿನಾ ನಲವತ್ತು ನಿಮಿಷ ವಾಕಿಂಗ್ ಆಗಲೇಬೇಕು ಎಂದು ಡಾಕ್ಟರು ಹೇಳಿದಾಗ ನನಗೆ 59. ಯಾರು ನಡೆಯಬೇಕು ಎಂಬುದನ್ನು ಅವರು ಬಿಡಿಸಿ ಹೇಳಲಿಲ್ಲ. ಮೂವತ್ತಾರು ವರ್ಷ ಬ್ಯಾಂಕಿನ ಸುತ್ತೋಲೆಗಳಲ್ಲಿ ಸಂದು ಹುಡುಕಿ ಬದುಕಿದವನಿಗೆ ಇಷ್ಟು ದೊಡ್ಡ ಲೋಪ ಕಣ್ಣಿಗೆ ಬೀಳದೆ ಇದ್ದೀತೆ? ಮುಂದಿನ ವಾರವೇ ಬೆಂಗಳೂರಿನ ಹೊರವಲಯದ ಒಂದು ರೈಡಿಂಗ್ ಸ್ಕೂಲಿಗೆ ಹೋಗಿ ಫೀಸು ಕಟ್ಟಿ ಬಂದೆ. ಅಂದಿನಿಂದ ನಡೆಯುವವನು ಗುಂಡಣ್ಣ, ಮೇಲೆ ಕೂತು ಬೆವರುವವನು ನಾನು.

ಗುಂಡಣ್ಣ ಕುಣಿಗಲ್ ಸ್ಟಡ್ ಫಾರ್ಮಿನಲ್ಲಿ ಹುಟ್ಟಿದ ಕುದುರೆ. ರೇಸಿನಲ್ಲಿದ್ದಾಗ ಅವನಿಗೆ ಬಾಯಿಗೆ ಸಿಗದ ಒಂದು ಇಂಗ್ಲಿಷ್ ಹೆಸರಿತ್ತಂತೆ. ಅಷ್ಟುದ್ದ ಹೆಸರನ್ನು ಹೊತ್ತು ಓಡಲಾರದೆಯೋ ಏನೋ, ಒಂದು ರೇಸೂ ಗೆಲ್ಲದೆ ಐದನೇ ವಯಸ್ಸಿಗೆ ನಿವೃತ್ತನಾಗಿ ಇಲ್ಲಿಗೆ ಬಂದ. ಈಗ ಅವನಿಗೆ 20, ನನಗೆ 68. ಎರಡೂ ಕಾಗದದ ಮೇಲಿನ ವಯಸ್ಸು. ರೇಸ್ ಕುದುರೆ ಯಾವ ತಿಂಗಳಲ್ಲಿ ಹುಟ್ಟಿದರೂ ಲೆಕ್ಕಕ್ಕೆ ಜನವರಿ 1ರಂದೇ ಅದಕ್ಕೊಂದು ವರ್ಷ ಏರುತ್ತದೆ. ನಮ್ಮೂರಿನ ಹೆಡ್‌ಮಾಸ್ಟರು ನಮಗೆಲ್ಲ ಸಾಲಾಗಿ ಜೂನ್ 1 ಎಂದು ಬರೆದ ಹಾಗೆ. ಇದು ಗೊತ್ತಾದ ದಿನವೇ ನನಗೂ ಅವನಿಗೂ ನೆಂಟಸ್ತಿಕೆ ಕುದುರಿದ್ದು.

ಬೇರೆ ನೆಂಟರ ವಿಷಯ ಕೇಳಬೇಡಿ. ಅರವತ್ತು ದಾಟಿದವನು ಕಾಶಿಗೆ ಹೋಗಬಹುದು, ಸಕ್ಕರೆ ಕಾಯಿಲೆಗೆ ಹಾಗಲಕಾಯಿ ರಸ ಕುಡಿಯಬಹುದು, ಸೈಟಿನ ವಿಷಯಕ್ಕೆ ತಮ್ಮನ ಮೇಲೆ ಕೇಸು ಹಾಕಬಹುದು. ಕುದುರೆ ಮಾತ್ರ ಹತ್ತಬಾರದು. ಮದುವೆಮನೆಯಲ್ಲಿ ಒಬ್ಬರು ಪಾಯಸದ ಲೋಟ ಹಿಡಿದುಕೊಂಡೇ ನನಗೆ ಅಲ್ಲಮಪ್ರಭುವಿನ "ಕೊಟ್ಟ ಕುದುರೆಯನೇರಲರಿಯದೆ" ವಚನವನ್ನು ನೆನಪಿಸಿದರು. ನನ್ನದು ಯಾರೋ ಕೊಟ್ಟ ಕುದುರೆಯಲ್ಲ ಸ್ವಾಮಿ, ತಿಂಗಳಿಗಿಷ್ಟು ಎಂದು ಕಟ್ಟಿ ಏರುವ ಕುದುರೆ, ರಶೀದಿ ಇದೆ ಎಂದೆ. ಅಮೆರಿಕದಿಂದ ಮಗ ಫೋನಿನಲ್ಲಿ, "ಅಪ್ಪಾ, ಹಿಪ್ ಫ್ರ್ಯಾಕ್ಚರ್ ಅಂದ್ರೆ ಏನು ಗೊತ್ತಾ?" ಎಂದು ಶುರು ಮಾಡುತ್ತಾನೆ. ಎರಡನೇ ಕ್ಲಾಸಿನಲ್ಲಿ ಸೈಕಲ್ಲಿನಿಂದ ಬಿದ್ದು ಊರೆಲ್ಲ ಕೇಳುವಂತೆ ಅತ್ತವನು ಅವನು.

ನನ್ನ ಬಳಿಯೂ ಒಂದು ಅಸ್ತ್ರವಿತ್ತು. ಜಪಾನಿನ ಹಿರೋಷಿ ಹೊಕೆಟ್ಸು. 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಕುದುರೆ ಹಾರಿಸಿದ ಮನುಷ್ಯ, 44 ವರ್ಷ ಬಿಟ್ಟು ಬೀಜಿಂಗ್ ಒಲಿಂಪಿಕ್ಸಿಗೆ ಬಂದ. ಸಾಲದೆಂದು 2012ರಲ್ಲಿ ಲಂಡನ್ನಿನಲ್ಲೂ ಸ್ಪರ್ಧಿಸಿದ, 71ನೇ ವಯಸ್ಸಿನಲ್ಲಿ. ಇಂಗ್ಲೆಂಡಿನ ಲಾರ್ನಾ ಜಾನ್‌ಸ್ಟನ್ ಎಂಬ ಮಹಾತಾಯಿ 1972ರ ಮ್ಯೂನಿಕ್‌ನಲ್ಲಿ ಸ್ಪರ್ಧೆಗಿಳಿದಾಗ 70 ತುಂಬಿ ಐದು ದಿನ. ಕುದುರೆ ಸವಾರಿಯಲ್ಲಿ ಗಂಡಸರು, ಹೆಂಗಸರು, ಹುಡುಗರು, ಮುದುಕರು ಎಲ್ಲರೂ ಒಂದೇ ಪಂಕ್ತಿ. ಓಡುವ ಕಾಲು ನಾಲ್ಕೂ ಕುದುರೆಯವು ತಾನೆ? ಇದಿಷ್ಟನ್ನೂ ಒಂದು ಸಂಜೆ ನನ್ನ ಹೆಂಡತಿಗೆ ವಿವರಿಸಿದೆ. ಅವಳು ಹುರುಳಿಕಾಯಿ ನಾರು ಬಿಡಿಸುತ್ತಿದ್ದಳು. "ರೀ, ನಿಮ್ಮ ಸೊಂಟ ಮುರಿದ್ರೆ ಬೆಡ್‌ಪ್ಯಾನ್ ಇಡೋಳು ನಾನು, ಆ ಜಪಾನಿನವನಲ್ಲ" ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಹೀಗಿರುವಾಗ ಸ್ಕೂಲಿನಲ್ಲೇ ಒಂದು ಡ್ರೆಸಾಜ್ ಸ್ಪರ್ಧೆ ಇಟ್ಟರು. ನಮ್ಮ ಟೀಚರಮ್ಮನಿಗೆ ಇಪ್ಪತ್ತನಾಲ್ಕು ವರ್ಷ. ನನ್ನನ್ನು ಅಂಕಲ್ ಎನ್ನುತ್ತಾಳೆ, ಆದರೆ ಆ ಅಂಕಲ್ಲಿನ ಹಿಂದೆಯೇ "ಹಿಮ್ಮಡಿ ಕೆಳಗೆ! ಮೊಣಕೈ ಒಳಗೆ! ಉಸಿರಾಡಿ ಅಂಕಲ್, ಉಸಿರಾಡಿ!" ಎಂದು ಗದರುತ್ತಾಳೆ. ಅವಳೇ ನನ್ನ ಹೆಸರು ಬರೆದದ್ದು. ಹೊಸಬರ ವಿಭಾಗದಲ್ಲಿ ಹನ್ನೊಂದು ಜನ. ನನ್ನನ್ನು ಬಿಟ್ಟರೆ ಹಿರಿಯ ಸ್ಪರ್ಧಿಗೆ 14. ನಮ್ಮ ಬೆಂಗಳೂರಿನ ಸವಾರ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸಿನಲ್ಲಿ 23ನೆಯವರಾಗಿ ಬಂದ ಮೇಲೆ ನಮ್ಮ ಸ್ಕೂಲಿನ ಅಪ್ಪ ಅಮ್ಮಂದಿರೆಲ್ಲ ತಮ್ಮ ಮಗುವಿನಲ್ಲೂ ಒಬ್ಬ ಫವಾದನನ್ನು ಕಾಣುತ್ತಿದ್ದಾರೆ. ನನ್ನಲ್ಲಿ ಕಾಣುವವರು ಯಾರೂ ಇರಲಿಲ್ಲ.

ಡ್ರೆಸಾಜ್ ಎಂದರೆ ಕುದುರೆಯ ಭರತನಾಟ್ಯ ಎಂದು ಕೆಲವರು ಹೇಳುತ್ತಾರೆ. ನಮ್ಮ ಮಟ್ಟದಲ್ಲಿ ಅದು ಕುದುರೆಯ ಪಿ.ಟಿ. ಕ್ಲಾಸು. 40 ಮೀಟರ್ ಉದ್ದ, 20 ಮೀಟರ್ ಅಗಲದ ಮರಳಿನ ಅಂಕಣ, ಸುತ್ತ ಎಂಟು ಇಂಗ್ಲಿಷ್ ಅಕ್ಷರಗಳು: ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್. ಯಾವ ಪುಣ್ಯಾತ್ಮ ಈ ಕ್ರಮದಲ್ಲಿ ಜೋಡಿಸಿದನೋ. ನಾನು ಬಾಯಿಪಾಠಕ್ಕೆ ಒಂದು ವಾಕ್ಯ ಕಟ್ಟಿಕೊಂಡೆ: ಅಜ್ಜ ಕುದುರೆ ಏರಿ ಹೊರಟ, ಚಿಕ್ಕಮ್ಮ! ಮುಂದೆ ಬರೀ ಫಜೀತಿ. ಇದು ಮಕ್ಕಳಿಗೂ ಬಹಳ ಹಿಡಿಸಿತು. ಸ್ಪರ್ಧೆಯ ದಿನ ಹನ್ನೊಂದು ವರ್ಷದ ಎದುರಾಳಿಯೊಬ್ಬಳು ನನ್ನ ಗುಂಡಿ ಸರಿಮಾಡುತ್ತಾ, "ತಾತ, ಹೆದರ್ಕೋಬೇಡಿ. ಗುಂಡಣ್ಣಂಗೆ ಎಲ್ಲಾ ಗೊತ್ತು" ಎಂದಳು.

ಗುಂಡಣ್ಣನಿಗೆ ಎಲ್ಲಾ ಗೊತ್ತಿತ್ತು. ಅದೇ ತೊಂದರೆಯಾಯಿತು.

ಎ ಅಕ್ಷರದಿಂದ ಒಳಗೆ ಬಂದು, ನಟ್ಟನಡುವೆ ನೇರ ಸಾಗಿ, ಎಕ್ಸ್ ಎಂಬ ಬಿಂದುವಿನಲ್ಲಿ ನಿಂತು, ಎದುರಿಗೆ ಸಿ ಬಳಿ ಕೂತ ತೀರ್ಪುಗಾರರಿಗೆ ವಂದಿಸಬೇಕು. ಎಕ್ಸನ್ನು ಎಲ್ಲೂ ಬರೆದಿರುವುದಿಲ್ಲ, ದೇವರ ಹಾಗೆ, ಇದೆ ಎಂದು ನಂಬಿ ನಿಲ್ಲಬೇಕು. ನಿಂತೆವು. ಬಲಗೈ ಕೆಳಗೆ ಬಿಟ್ಟೆ, ತಲೆ ಬಾಗಿಸಿದೆ. ತೀರ್ಪುಗಾರರು ಸೈನ್ಯದಿಂದ ನಿವೃತ್ತರಾದವರು, ಎಪ್ಪತ್ತರ ಆಸುಪಾಸು, ಮೀಸೆ ಇನ್ನೂ ಡ್ಯೂಟಿಯಲ್ಲಿತ್ತು. ಅವರೂ ತಲೆಯಾಡಿಸಿದರು. ಆಗ ಗುಂಡಣ್ಣನ ಹಿಂಗಾಲು ಒಂದು ಗೇಣು ಹಿಂದಕ್ಕೆ ಸರಿಯಿತು. ಆಮೇಲೆ ಇನ್ನೊಂದು ಗೇಣು. ಬೆನ್ನು ತಗ್ಗಿತು.

ಕುದುರೆ ಸಾಕಿದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಗಟ್ಟಿನೆಲದಲ್ಲಿ ಕಾಲಿಗೆ ಸಿಡಿಯುತ್ತದೆಂದು ಕುದುರೆಗಳು ಉಚ್ಚೆ ಹುಯ್ಯಲು ಹಿಂಜರಿಯುತ್ತವೆ, ಮೆತ್ತನೆಯ ಜಾಗಕ್ಕಾಗಿ ತಡೆದುಕೊಂಡಿರುತ್ತವೆ. ಆ ಬೆಳಿಗ್ಗೆ ಅಂಕಣಕ್ಕೆ ಹೊಸ ಮರಳು ಹಾಕಿಸಿದ್ದರು. ಇಂಥ ಹೊತ್ತಿನಲ್ಲಿ ಸವಾರನಾದವನು ರಿಕಾಪಿನ ಮೇಲೆ ಎದ್ದು ನಿಂತು, ಮುಂದಕ್ಕೆ ಬಾಗಿ, ಕುದುರೆಯ ಸೊಂಟದ ಮೇಲಿನ ಭಾರ ಇಳಿಸಬೇಕು. ಅದು ಸವಾರಿಯ ಮರ್ಯಾದೆ. ನಾನು ಎದ್ದು ನಿಂತೆ. ಚಿತ್ರ ಹೀಗಿತ್ತು ನೋಡಿ: ಮೈಗಂಟಿದ ಬಿಳಿ ಚಲ್ಲಣ ತೊಟ್ಟ ಮುದುಕ, ಅರ್ಧ ಎದ್ದ ಭಂಗಿ, ಬಲಗೈ ಇನ್ನೂ ಜೋತುಬಿದ್ದಿದೆ, ತಲೆ ಬಾಗಿಯೇ ಇದೆ, ಕೆಳಗಡೆ ಕೆರೆಕೋಡಿ ಬಿದ್ದ ಸದ್ದು.

ಮೂರು ಕೆಜಿಗಿಂತ ಹೆಚ್ಚು ತೂಗುವ ಸಸ್ತನಿ ಪ್ರಾಣಿಗಳೆಲ್ಲ, ಆನೆಯಾಗಲಿ ನಾಯಿಯಾಗಲಿ, ಹೆಚ್ಚುಕಡಿಮೆ 21 ಸೆಕೆಂಡಿನಲ್ಲಿ ಈ ಕೆಲಸ ಮುಗಿಸುತ್ತವೆ ಎಂದು ಕಂಡುಹಿಡಿದ ವಿಜ್ಞಾನಿಗಳಿಗೆ 2015ರಲ್ಲಿ ಇಗ್ ನೊಬೆಲ್ ಬಂತು. ನಾನು ಎಣಿಸಿದೆ. ಹತ್ತಕ್ಕೆ ತೊಡೆ ನಡುಗತೊಡಗಿತು. ಹದಿನೈದಕ್ಕೆ ಯಾವುದೋ ಮಗು "ಅಮ್ಮಾ, ನಿಲ್ತಾನೇ ಇಲ್ಲ!" ಎಂದಿತು. ಇಪ್ಪತ್ತೊಂದಕ್ಕೆ ವಿಜ್ಞಾನ ಮುಗಿಯಿತು, ಗುಂಡಣ್ಣ ಮುಗಿಸಲಿಲ್ಲ. ಆಗ ನನ್ನೊಳಗೆ ನಾಚಿಕೆಯನ್ನು ಪಕ್ಕಕ್ಕೆ ತಳ್ಳಿ ಬೇರೊಂದು ಭಾವ ಎದ್ದಿತು: ಶುದ್ಧ ಹೊಟ್ಟೆಕಿಚ್ಚು. ನಾನೂ ಮೂರು ಕೆಜಿ ಮೀರಿದ ಸಸ್ತನಿಯೇ. ರಾತ್ರಿ ಮೂರು ಸಲ ಎದ್ದು, ನಲ್ಲಿ ತಿರುಗಿಸಿ ಆ ಸದ್ದಿನಿಂದಾದರೂ ಸ್ಫೂರ್ತಿ ಬರಲಿ ಎಂದು ಗೋಡೆ ನೋಡುತ್ತಾ ನಿಲ್ಲುವವನು. ಪ್ರಾಸ್ಟೇಟಿನ ಡಾಕ್ಟರು ಬರೆದುಕೊಟ್ಟ ಮಾತ್ರೆ ಎರಡು ವರ್ಷದಲ್ಲಿ ಕೊಡದೆ ಇದ್ದದ್ದನ್ನು ಈ ಪ್ರಾಣಿ ನನ್ನ ಕೆಳಗೆ, ಇಪ್ಪತ್ತರ ಇಳಿವಯಸ್ಸಿನಲ್ಲಿ, ಹೊಸ ಮರಳಿನ ಮೇಲೆ ನೊರೆನೊರೆಯಾಗಿ ಸುರಿಯುತ್ತಿತ್ತು. ತಲೆ ಎತ್ತಿದೆ. ತೀರ್ಪುಗಾರರು ಅತ್ತಲೇ ನೋಡುತ್ತಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ. ನಮ್ಮ ಕಣ್ಣು ಕಲೆತವು. ಆ ಮೀಸೆಯ ಹಿಂದೆಯೂ ಅದೇ ಹೊಟ್ಟೆಕಿಚ್ಚು, ಅದೇ ನಲ್ಲಿ, ಅದೇ ಗೋಡೆ. ಮೂವತ್ತನಾಲ್ಕಕ್ಕೆ ಗುಂಡಣ್ಣ ಉಸ್ಸಪ್ಪಾ ಎಂದು ಮೂಗರಳಿಸಿ, ನಾನು ಹೇಳುವ ಮೊದಲೇ ಹೊರಟ.

ಉಳಿದದ್ದು ಬೇಗ ಆಯಿತು. ಟ್ರಾಟು ಎಂಬ ಕುಕ್ಕುಲೋಟ, ವೃತ್ತ, ತಪ್ಪು ಕಾಲಿನಿಂದ ಎತ್ತಿದ ಕ್ಯಾಂಟರು ಎಂಬ ಹದವಾದ ಓಟ. ಚಿಕ್ಕಮ್ಮನ ಹತ್ತಿರ ತಿರುಗುವ ಬದಲು ಫಜೀತಿಯ ಹತ್ತಿರ ತಿರುಗಿದೆ. ಹನ್ನೊಂದು ಜನರಲ್ಲಿ ಒಂಬತ್ತನೆಯವನಾದೆ. ನನ್ನ ಹಿಂದಿನ ಇಬ್ಬರಲ್ಲಿ ಒಬ್ಬ ಬಿದ್ದು ಹೊರಬಿದ್ದ, ಇನ್ನೊಬ್ಬಳ ಕುದುರೆ ಅಂಕಣ ದಾಟಿ ಹುಲ್ಲು ಮೇಯಲು ಹೋಯಿತು. ಅಂಕಪಟ್ಟಿಯಲ್ಲಿ ನಿಲುಗಡೆಗೆ ಹತ್ತಕ್ಕೆ ನಾಲ್ಕು: "ಸ್ಥಿರ, ಆದರೆ ಚೌಕವಾಗಿಲ್ಲ. ದೀರ್ಘ." ಸವಾರನಿಗೆಂದು ಇರುವ ಕೊನೆಯ ಕಾಲಮ್ಮಿನಲ್ಲಿ ಮಾತ್ರ ಏಳು. ನಾನೂ ತೀರ್ಪುಗಾರರೂ ಆ ಏಳರ ಬಗ್ಗೆ ಯಾರಿಗೂ ಬಾಯಿಬಿಟ್ಟಿಲ್ಲ. ವಿಡಿಯೊ ಸಂಜೆಗೇ ಮನೆಯ ವಾಟ್ಸ್ಯಾಪ್ ಗುಂಪಿಗೆ ಬಂತು. ಪಾಯಸದ ಮನುಷ್ಯ ಮೂರು ನಗುಮುಖ ಹಾಕಿದ.

ಆ ಮಳೆಗಾಲದಲ್ಲಿ ಗುಂಡಣ್ಣ ಮುಂದಿನ ಎಡಗಾಲು ಕುಂಟತೊಡಗಿದ. ಇಪ್ಪತ್ತು ವರ್ಷದ ಕುದುರೆ, ಪಾಠಕ್ಕೆ ಬರುವುದಿಲ್ಲ, ಮೇವಿನ ಖರ್ಚು ಹಾಗೇ ಇದೆ, ಯಾರಿಗಾದರೂ ಕೊಟ್ಟುಬಿಡೋಣ ಎಂಬ ಮಾತು ಆಫೀಸಿನ ಕಿಟಕಿಯಿಂದ ನನ್ನ ಕಿವಿಗೆ ಬಿತ್ತು. ಯಾರಿಗೆ ಎಂದು ಕೇಳಿದೆ. ಯಾರೂ ಹೇಳಲಿಲ್ಲ. ಕುದುರೆಗಳನ್ನು ನೋಡಿಕೊಳ್ಳುವ ಸೈಸ್ ಬಾಷಾ ನೆಲ ನೋಡುತ್ತಾ ಜೀನಿನ ಪಟ್ಟಿ ಒರೆಸುತ್ತಿದ್ದ. ನಾನು ನಿವೃತ್ತನಾದ ದಿನ ನನಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ನಾನು ಇಲ್ಲದಿದ್ದರೆ ಶಾಖೆಯೇ ಇಲ್ಲ ಎಂಬ ಮೂರು ಭಾಷಣ. ತಿಂಗಳ ಕೊನೆಗೆ ಪಿಂಚಣಿ. ಹದಿನೈದು ವರ್ಷ ಊರಿನ ಮಕ್ಕಳನ್ನೆಲ್ಲ ಬೀಳಿಸದೆ ಹೊತ್ತವನಿಗೆ ಯಾರಿಗಾದರೂ ಕೊಟ್ಟುಬಿಡೋಣ.

ಈಗ ಅವನ ಮೇವು ನನ್ನ ಪಿಂಚಣಿಯಲ್ಲಿ. ಮನೆಯಲ್ಲಿ ಹೇಳಿರಲಿಲ್ಲ, ಪಾಸ್‌ಬುಕ್ ಹೇಳಿತು. ಎರಡು ದಿನ ಮಾತಿಲ್ಲ. ಮೂರನೇ ದಿನ ನನ್ನ ಸವಾರಿ ಚೀಲದಲ್ಲಿ ಒಂದು ಡಬ್ಬಿ ಸಿಕ್ಕಿತು, ಅದರೊಳಗೆ ಉಂಡೆಬೆಲ್ಲ, ಅವನ ಬಾಯಿಗೆ ಸರಿಯಾಗಿ ಪುಡಿಮಾಡಿದ್ದು. ಕಾಲು ವಾಸಿಯಾಗಿದೆ. ಕ್ಯಾಂಟರ್ ಬೇಡ, ವಾಕು, ಸ್ವಲ್ಪ ಟ್ರಾಟು ಸಾಕು ಎಂದಿದ್ದಾರೆ ಡಾಕ್ಟರು, ಇಬ್ಬರಿಗೂ.

ಅಮೆರಿಕದಲ್ಲಿ ಡ್ರೆಸಾಜ್ ಫೌಂಡೇಶನ್ ಎಂಬುದೊಂದಿದೆ. ಅದರ ಸೆಂಚುರಿ ಕ್ಲಬ್ಬಿಗೆ ಸೇರಲು ಗೆಲ್ಲಬೇಕಾಗಿಲ್ಲ. ಸವಾರನ ವಯಸ್ಸು, ಕುದುರೆಯ ವಯಸ್ಸು ಕೂಡಿದರೆ ನೂರಾಗಬೇಕು, ಇಬ್ಬರೂ ಸೇರಿ ಒಂದು ಡ್ರೆಸಾಜ್ ಪಾಠ ಒಪ್ಪಿಸಬೇಕು, ಅಷ್ಟೆ. ನಾವು ಅಮೆರಿಕಕ್ಕೆ ಹೋಗುವವರಲ್ಲ. ಆದರೆ ಕೂಡುವ ಲೆಕ್ಕ ಎಲ್ಲಿದ್ದರೂ ಒಂದೇ. ಇವತ್ತಿಗೆ 88. ವರ್ಷಕ್ಕೆ ಎರಡರಂತೆ ಏರುತ್ತದೆ, ಅವನದು ಜನವರಿಯಲ್ಲಿ, ನನ್ನದು ಜೂನಿನಲ್ಲಿ. ಇನ್ನು ಆರು ವರ್ಷ. ಆಗ ನನಗೆ 74, ಅವನಿಗೆ 26.

ಅಷ್ಟರೊಳಗೆ ಎಲ್ಲಾದರೂ ಮದುವೆಮನೆಯಲ್ಲಿ ಸಿಕ್ಕಿದರೆ ದಯವಿಟ್ಟು ನನ್ನ ಸೊಂಟವನ್ನು ವಿಚಾರಿಸಬೇಡಿ. ಗುಂಡಣ್ಣ ಹೇಗಿದ್ದಾನೆ ಎಂದು ಕೇಳಿ.