ಪ್ಲಗಿನ್ ಪ್ರಾಯಶ್ಚಿತ್ತ ನಿರ್ಣಯ

ಶಾಸ್ತ್ರಗ್ರಂಥ ಎಂದಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದುವರಿಯುವಂತಿಲ್ಲ. ವಿಷಯ: ಟಿಪ್ಪಣಿ ಬರೆಯುವ ಆ್ಯಪಿಗೆ ಬಂದು ಅಂಟಿಕೊಳ್ಳುವ ಪ್ಲಗಿನ್‌ಗಳು, ಮತ್ತು ಅವುಗಳನ್ನು ಟರ್ಮಿನಲ್ಲಿನಿಂದಲೇ ಆಳುವ ಕಮಾಂಡ್‌ಲೈನ್ ಉಪಕರಣ. ಪ್ರಯೋಜನ: ಟಿಪ್ಪಣಿ ಬರೆಯುವುದಕ್ಕೂ ಒಂದಿಷ್ಟು ಹೊತ್ತು ಮಿಗುವುದು. ಸಂಬಂಧ: ವಿಷಯ ಹೆಚ್ಚಿದಷ್ಟೂ ಪ್ರಯೋಜನ ಕುಗ್ಗುವುದು. ಅಧಿಕಾರಿ: ಭಾನುವಾರ ಬೆಳಿಗ್ಗೆ ಬಸವನಗುಡಿಯ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಬಾಗಿಲಲ್ಲಿ ಹೆಸರು ಬರೆಸಿ, ಒಳಗಿನಿಂದ ಕರೆ ಬರುವವರೆಗೆ ಫೋನಿನಲ್ಲಿ ಹೊಸ ಪ್ಲಗಿನ್ ಹುಡುಕುವ ಸಾಫ್ಟ್‌ವೇರ್ ಗೃಹಸ್ಥ. 1943ರಲ್ಲಿ ಶುರುವಾದ ಆ ಹೋಟೆಲಿಗೆ ಶುಕ್ರವಾರ ರಜೆಯಾದ್ದರಿಂದ, ಶುಕ್ರವಾರದ ಅಧಿಕಾರಿಯ ವಿಚಾರವನ್ನು ಈ ಗ್ರಂಥ ಎತ್ತಿಕೊಳ್ಳುವುದಿಲ್ಲ.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ. ಟಿಪ್ಪಣಿಗೆ ಕಾಗದ, ಪೆನ್ನು ಸಾಲದೆ? ಪಕ್ಕದ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಪದ, ಅರ್ಥ, ಪ್ರಯೋಗಗಳನ್ನು ಚೀಟಿಗಳಲ್ಲಿ ಬರೆದು ಜೋಡಿಸಿಯೇ ಎಂಟು ಸಂಪುಟಗಳ ನಿಘಂಟನ್ನು ಹೊರತಂದಿತಲ್ಲ? ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಸುಮಾರು 90,000 ಚೀಟಿ ಬರೆದಿಟ್ಟು ಅವುಗಳಿಂದ ಪುಸ್ತಕದ ಮೇಲೆ ಪುಸ್ತಕ ತೆಗೆದನಲ್ಲ? ಎರಡೂ ಕಡೆ ಪ್ಲಗಿನ್ ಸಂಖ್ಯೆ ಸೊನ್ನೆ. ಆಕ್ಷೇಪ ಬಲವಾಗಿದೆ. ಬಲವಾದ ಆಕ್ಷೇಪಗಳಿಗೆ ಉತ್ತರ ಮುಂದಿನ ಸಂಪುಟದಲ್ಲಿ ಬರುತ್ತದೆ ಎನ್ನುವುದು ಶಾಸ್ತ್ರಸಂಪ್ರದಾಯ.

ಈಗ ಸಂಜ್ಞೆಗಳು. ಉದಾಹರಣೆಗೆ ಆಬ್ಸಿಡಿಯನ್ ಎಂಬ ಆ್ಯಪನ್ನು ಇಟ್ಟುಕೊಳ್ಳೋಣ. 2020ರಲ್ಲಿ ಶಿಡಾ ಲಿ ಮತ್ತು ಎರಿಕಾ ಶು ಹೊರತಂದ ಇದರಲ್ಲಿ ಟಿಪ್ಪಣಿಗಳೆಲ್ಲ ನಮ್ಮದೇ ಕಂಪ್ಯೂಟರಿನ ಒಂದು ಫೋಲ್ಡರಿನೊಳಗೆ ಸಾದಾ ಪಠ್ಯವಾಗಿ ಇರುತ್ತವೆ. ಆ ಫೋಲ್ಡರಿಗೆ ವಾಲ್ಟ್ ಎಂದು ಹೆಸರು. ಅದರ ಗರ್ಭದಲ್ಲಿ, ಹೆಸರಿನ ಮುಂದೆ ಚುಕ್ಕೆ ಇರುವ ಕಾರಣಕ್ಕೆ ಸಾಮಾನ್ಯರ ಕಣ್ಣಿಗೆ ಬೀಳದ ಇನ್ನೊಂದು ಫೋಲ್ಡರಿದೆ. ಪ್ಲಗಿನ್‌ಗಳ ವಾಸ ಅಲ್ಲಿ. ಒಂದೊಂದಕ್ಕೂ ಒಂದೊಂದು ಕೋಣೆ. ಕೋಣೆಯಲ್ಲಿ ಕುಲಗೋತ್ರ ಹೇಳುವ ಮ್ಯಾನಿಫೆಸ್ಟ್ ಕಡತ, ಕೆಲಸ ಮಾಡುವ ಜಾವಾಸ್ಕ್ರಿಪ್ಟ್ ಕಡತ, ಬೇಕಿದ್ದರೆ ಅಲಂಕಾರದ ಕಡತ. ಬಳಸಿದವನ ಸೆಟ್ಟಿಂಗ್‌ಗಳು ಡೇಟಾ ಎಂಬ ನಾಲ್ಕನೆಯ ಕಡತದಲ್ಲಿ ಸಂಚಯವಾಗುತ್ತವೆ. ಇದರಿಂದಲೇ ಕೊನೆಗೆ ಜಗಳ ಹುಟ್ಟುವುದು. ಅಧಿಕೃತ ಪಟ್ಟಿಯಲ್ಲಿರುವ ಪ್ಲಗಿನ್‌ಗಳ ಸಂಖ್ಯೆ ಎರಡು ಸಾವಿರ ದಾಟಿದೆ. ಹೀಗಾಗಿ ವರ್ಗೀಕರಣವಿಲ್ಲದೆ ಗತಿಯಿಲ್ಲ. ಮೀಮಾಂಸಕರು ಕರ್ಮಗಳನ್ನು ವಿಂಗಡಿಸಿಟ್ಟಿರುವಾಗ ಬೇರೆ ವರ್ಗೀಕರಣ ಹುಡುಕುವುದು ಬಸವನಗುಡಿಯವರಿಗೆ ಶೋಭಿಸುವುದಿಲ್ಲ.

ನಿತ್ಯ ಎಂದರೆ, ಮಾಡಿದರೆ ಪುಣ್ಯವಿಲ್ಲ, ಬಿಟ್ಟರೆ ದೋಷ. ದಿನದ ಟಿಪ್ಪಣಿಗೆ ಅಚ್ಚು ಹಾಕಿಕೊಡುವ ಟೆಂಪ್ಲೇಟರ್, ಮೂಲೆಯಲ್ಲಿ ತಿಂಗಳನ್ನು ತೋರಿಸುವ ಕ್ಯಾಲೆಂಡರ್ ಈ ಜಾತಿ. ಅವು ಇವೆ ಎಂದು ಯಾರೂ ಹೊಗಳುವುದಿಲ್ಲ. ಟೆಂಪ್ಲೇಟರ್ ತೆಗೆದ ಮಾರನೆಯ ದಿನ ಮಾತ್ರ, ತಾರೀಖು ಬರಬೇಕಾದಲ್ಲಿ ಕೋನಾಕಾರದ ಆವರಣಗಳೂ ಶೇಕಡಾ ಚಿಹ್ನೆಗಳೂ ನಗ್ನವಾಗಿ ಎದುರು ನಿಲ್ಲುತ್ತವೆ.

ನೈಮಿತ್ತಿಕಕ್ಕೆ ಶುದ್ಧ ಉದಾಹರಣೆ ಇಂಪೋರ್ಟರ್. ಎವರ್‌ನೋಟಿನಿಂದಲೋ ನೋಷನ್‌ನಿಂದಲೋ ಹಳೆಯ ಟಿಪ್ಪಣಿಗಳನ್ನು ಹೊತ್ತು ತರುವುದಷ್ಟೇ ಅದರ ನಿಮಿತ್ತ. ಗೃಹಪ್ರವೇಶ ಒಮ್ಮೆ ಮುಗಿದಮೇಲೆ ಮರುದಿನವೂ ಹೋಮಕುಂಡ ಉರಿಸುವವರಿಲ್ಲ. ಇಂಪೋರ್ಟರನ್ನು ಮಾತ್ರ ವರ್ಷಗಟ್ಟಲೆ ಉರಿಸುತ್ತಾರೆ.

ಕಾಮ್ಯದ ಕ್ಷೇತ್ರ ವಿಶಾಲ. ಫಲದ ಆಸೆಯಿಂದ ಹಾಕಿಕೊಂಡದ್ದೆಲ್ಲ ಕಾಮ್ಯ. ಶಿಸ್ತು ಬೇಕೆಂದು ಕಾನ್‌ಬಾನ್, ಕಲಾವಿದನಾಗಬೇಕೆಂದು ಎಕ್ಸ್‌ಕ್ಯಾಲಿಡ್ರಾ, ಟಿಪ್ಪಣಿಗಳೆಲ್ಲ ತಾವಾಗಿಯೇ ಕೋಷ್ಟಕವಾಗಿ ಕೈಕಟ್ಟಿ ನಿಲ್ಲಲೆಂದು ಡೇಟಾವ್ಯೂ. ಕಾಮ್ಯವು ಬಂಧನಕ್ಕೆ ಕಾರಣ ಎಂಬ ಹಿರಿಯರ ಮಾತಿಗೆ ಡೇಟಾವ್ಯೂ ಪ್ರತ್ಯಕ್ಷ ಪ್ರಮಾಣ. ನೂರು ಟಿಪ್ಪಣಿಗಳಲ್ಲಿ ಅದರ ಪ್ರಶ್ನೆಗಳನ್ನು ಬರೆದಿಟ್ಟು ಆಮೇಲೆ ಅದನ್ನು ತೆಗೆದರೆ, ನೂರರಲ್ಲೂ ಉತ್ತರ ಮಾಯವಾಗಿ ಪ್ರಶ್ನೆ ಮಾತ್ರ ಉಳಿಯುತ್ತದೆ. ಸಾದಾ ಪಠ್ಯ, ಸರ್ವಸ್ವತಂತ್ರ ಎಂದು ಸಾರುತ್ತಿದ್ದವನು ಈ ಘಟ್ಟದಲ್ಲಿ ಮೌನ ವಹಿಸುವುದನ್ನು ಗಮನಿಸಿ.

ನಿಷಿದ್ಧದ ಬಗ್ಗೆ ಎರಡೇ ಮಾತು. ಹೊಸ ವಾಲ್ಟು ರಿಸ್ಟ್ರಿಕ್ಟೆಡ್ ಮೋಡ್ ಎಂಬ ವ್ರತದಲ್ಲೇ ಹುಟ್ಟುತ್ತದೆ, ವ್ರತಭಂಗವಾಗದೆ ಹೊರಗಿನ ಪ್ಲಗಿನ್ ಓಡುವುದಿಲ್ಲ. ಭಂಗವಾದಮೇಲೆ ಪ್ಲಗಿನ್ನಿಗೂ ಆ್ಯಪಿಗಿರುವಷ್ಟೇ ಅಧಿಕಾರ: ಕಂಪ್ಯೂಟರಿನ ಬೇರೆ ಕಡತಗಳನ್ನು ಓದಬಲ್ಲದು, ಜಾಲಕ್ಕೆ ಸಂಪರ್ಕಿಸಬಲ್ಲದು. ಅಧಿಕೃತ ಪಟ್ಟಿಯಲ್ಲೂ ಇಲ್ಲದ್ದನ್ನು ಗಿಟ್‌ಹಬ್‌ನಿಂದ ನೇರವಾಗಿ ಎಳೆದುಕೊಳ್ಳುವವನು ಅದರ ಕೋಡನ್ನಾದರೂ ಓದಿರಬೇಕು, ಬರೆದವನ ಗುರುತನ್ನಾದರೂ ಬಲ್ಲವನಾಗಿರಬೇಕು.

ಶಬ್ದಪ್ರಕರಣಕ್ಕೆ ಬರುವಾಗ ಸ್ವಲ್ಪ ನಿಧಾನಿಸುವುದು ಅಗತ್ಯ, ಏಕೆಂದರೆ ಮೇಲಿನ ವರ್ಗಗಳೆಲ್ಲ ಇಂಗ್ಲಿಷಿನಲ್ಲಿ ಬರೆಯುವವನಿಗೂ ಸಮ, ಇದು ಕನ್ನಡಿಗನ ಪಾಲಿಗೆ ಮಾತ್ರ ಬಂದದ್ದು. ಪದ ಎಣಿಸುವ ಪ್ಲಗಿನ್‌ಗಳಲ್ಲಿ ಮೂರು ಕುಲ. ಪರೀಕ್ಷೆಗೆ ನಿಸಾರ್ ಅಹಮದರ 1960ರ ಮೊದಲ ಸಂಕಲನದ ಹೆಸರನ್ನೇ ಕೊಡೋಣ: ಮನಸು ಗಾಂಧಿ ಬಜಾರು. ಜಾವಾಸ್ಕ್ರಿಪ್ಟಿನ ಹಳೆಯ ಪದಚಿಹ್ನೆಯನ್ನು ನಂಬಿದ ಪ್ಲಗಿನ್ನಿಗೆ ರೋಮನ್ ಅಕ್ಷರ, ಅಂಕಿ, ಅಡಿಗೆರೆಗಳ ಆಚೆಗೆ ಜಗತ್ತಿಲ್ಲ. ಅದರ ಲೆಕ್ಕದಲ್ಲಿ ಇಲ್ಲಿರುವ ಪದಗಳು ಸೊನ್ನೆ. ಇದು ಶೂನ್ಯವಾದಿ ಕುಲ. ಎರಡನೆಯದು ಯೂನಿಕೋಡ್ ಓದಿದ ಸುಧಾರಣಾವಾದಿ. ಅಕ್ಷರ ಎಂಬ ವರ್ಗವನ್ನು ಅದು ಕಲಿತಿದೆ. ಆದರೆ ಕಾಗುಣಿತದ ಚಿಹ್ನೆಗಳನ್ನೂ ಅನುಸ್ವಾರವನ್ನೂ ಯೂನಿಕೋಡ್ ಬೇರೆ ವರ್ಗದಲ್ಲಿ ಇಟ್ಟಿದೆ ಎಂಬ ಪಾಠದ ದಿನ ಅದು ಗೈರುಹಾಜರು. ಆದ್ದರಿಂದ ಸಿಕ್ಕ ಸಿಕ್ಕ ಗುಣಿತದಲ್ಲಿ ಪದವನ್ನು ಕತ್ತರಿಸಿ ಮನಸ, ಗ, ಧ, ಬಜ, ರ ಎಂದು ಐದು ಪದ ಎಣಿಸುತ್ತದೆ. ಮೂರನೆಯದು ನಡುವಿನ ಖಾಲಿ ಜಾಗವನ್ನಷ್ಟೇ ನೋಡಿ ಮೂರು ಎನ್ನುತ್ತದೆ. ಅತ್ಯಂತ ದಡ್ಡ ಕುಲವೇ ಸರಿಯಾದ ಉತ್ತರ ಕೊಡುವ ಪ್ರಸಂಗ ಶಾಸ್ತ್ರಗಳಲ್ಲಿ ಅಪರೂಪವೇನಲ್ಲ.

ಟ್ಯಾಗ್ ಹುಡುಕುವ ಪ್ಲಗಿನ್‌ಗಳಲ್ಲೂ ಇದೇ ರೋಗ. ಟರ್ಮಿನಲ್ಲಿಗೆ ಬಂದರೆ ಇನ್ನೊಂದು ಸಂಕಟ. ಅದು ಪ್ರತಿ ಅಕ್ಷರಕ್ಕೂ ಸಮಾನ ಅಗಲದ ಮನೆ ಹಂಚುವ ಸಮತಾವಾದಿ. ‘ವಿದ್ಯಾರ್ಥಿ’ ಎಂಬ ಕಡತ ಅಲ್ಲಿ ಒತ್ತು ಒಂದು ಕಡೆ, ಅರ್ಕಾವೊತ್ತು ಒಂದು ಕಡೆಯಾಗಿ ಕಾಣಿಸಿಕೊಳ್ಳುವುದುಂಟು. ಕಡತದೊಳಗೆ ಅದು ಆರೋಗ್ಯವಾಗಿಯೇ ಇರುತ್ತದೆ, ಗಾಬರಿ ಬೇಡ. ಇನ್ನು, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಲಿನಕ್ಸಿನ ಸಾಮಾನ್ಯ ಕಡತವ್ಯವಸ್ಥೆಯಲ್ಲಿ ಹೆಸರಿಗೆ 255 ಬೈಟ್ ಮಿತಿ. ಮಾರ್ಕ್‌ಡೌನ್ ಬಾಲಕ್ಕೆ 3 ಕಳೆದರೆ ಉಳಿಯುವುದು 84 ಸಂಕೇತ, ಅದರಲ್ಲೂ ಕೊಂಬು, ಇಳಿ, ಸೊನ್ನೆಗಳು ಪ್ರತ್ಯೇಕ ಲೆಕ್ಕ. ದೇಶಕಾಲ ಸಂಕೀರ್ತನೆಯೊಂದಿಗೆ ಶೀರ್ಷಿಕೆ ಇಡುವ ಅಭ್ಯಾಸವಿದ್ದವರು ಜಂಬೂದ್ವೀಪ ದಾಟುತ್ತಿದ್ದಂತೆ ನಿಲ್ಲಿಸುವುದು ಕ್ಷೇಮ.

ಮೀಮಾಂಸೆಯ ಪಟ್ಟಿಯಲ್ಲಿ ಇನ್ನು ಉಳಿದದ್ದು ಪ್ರಾಯಶ್ಚಿತ್ತ. ಕಮಾಂಡ್‌ಲೈನ್ ಉಪಕರಣದ ಸ್ಥಾನ ಇದು. ಇಂಥವನ್ನು ಹಲವರು ಬರೆದಿದ್ದಾರೆ. ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ಲಿಸ್ಟ್ ಎಂದರೆ ಪಟ್ಟಿ ಓದುತ್ತದೆ. ಇನ್‌ಸ್ಟಾಲ್ ಎಂದರೆ ಗಿಟ್‌ಹಬ್‌ನಲ್ಲಿ ಪ್ರಕಟವಾದ ಆವೃತ್ತಿಯ ಕಡತಗಳನ್ನು ತಂದು ಕೋಣೆ ಕಟ್ಟುತ್ತದೆ. ಎನೇಬಲ್ ಎಂದರೆ ಪ್ಲಗಿನ್ನಿನ ಗುರುತನ್ನು ಚಾಲ್ತಿ ಪಟ್ಟಿಗೆ ಸೇರಿಸುತ್ತದೆ. ಒಳ್ಳೆಯ ಉಪಕರಣವಾದರೆ ಆವೃತ್ತಿಯನ್ನು ಮೊಳೆ ಹೊಡೆದು ನಿಲ್ಲಿಸುವ ಅವಕಾಶವನ್ನೂ ಕೊಡುತ್ತದೆ. ಇದರ ನಿಜವಾದ ಉಪಯೋಗ ಹೊಸ ಲ್ಯಾಪ್‌ಟಾಪ್ ಕೊಂಡ ದಿನ ತಿಳಿಯುತ್ತದೆ. ಹಬ್ಬದ ಹಿಂದಿನ ಸಂಜೆ ಪುರೋಹಿತರು ಬರೆದುಕೊಟ್ಟ ಚೀಟಿಯನ್ನು ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಲ್ಲಿ ಕೊಟ್ಟರೆ ಅರಿಶಿನ, ಕುಂಕುಮ, ಗೆಜ್ಜೆವಸ್ತ್ರ, ದರ್ಭೆಗಳು ಒಂದೊಂದಾಗಿ ಪೊಟ್ಟಣಕ್ಕೆ ಬರುತ್ತವೆ. ಯಾರೂ ಕಳೆದ ವರ್ಷದ ಪೊಟ್ಟಣವನ್ನೇ ಜೋಪಾನ ಮಾಡಿ ಹೊತ್ತು ತಿರುಗುವುದಿಲ್ಲ. ಅದೇ ರೀತಿ, ಹೆಸರು ಮತ್ತು ಆವೃತ್ತಿ ಬರೆದ ಒಂದು ಪುಟದ ಪಟ್ಟಿಯನ್ನು ಗಿಟ್‌ನಲ್ಲಿ ಇಟ್ಟರೆ ಸಾಕು, ದೊಡ್ಡ ದೊಡ್ಡ ಜಾವಾಸ್ಕ್ರಿಪ್ಟ್ ಕಡತಗಳನ್ನು ಅದಕ್ಕೆ ತುರುಕಬೇಕಾಗಿಲ್ಲ.

ಲಿಸ್ಟ್ ಆಜ್ಞೆ ಕೊಟ್ಟವನಿಗೆ ನಾಲ್ಕು ಆಶ್ರಮಗಳ ದರ್ಶನವಾಗುತ್ತದೆ. ಕೋಣೆಯೂ ಇದೆ, ಚಾಲ್ತಿ ಪಟ್ಟಿಯಲ್ಲಿ ಹೆಸರೂ ಇದೆ ಎಂದರೆ ಸಂಸಾರಿ. ಕೋಣೆಯಿದೆ, ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಸನ್ಯಾಸಿ: ಮನೆಯಲ್ಲೇ ಇದ್ದು ಕೆಲಸ ಬಿಟ್ಟವನು. ಪಟ್ಟಿಯಲ್ಲಿ ಹೆಸರಿದೆ, ಕೋಣೆಯೇ ಇಲ್ಲ ಎಂದರೆ ಪ್ರೇತ. ಕಂಪ್ಯೂಟರುಗಳ ನಡುವೆ ಪಟ್ಟಿ ಮಾತ್ರ ಸಿಂಕ್ ಆಗಿ ದೇಹ ಹಿಂದೆ ಉಳಿದಾಗ ಈ ಯೋನಿ ಪ್ರಾಪ್ತವಾಗುತ್ತದೆ. ಮೊಬೈಲಿನಲ್ಲಿ ಓಡದ, ಮ್ಯಾನಿಫೆಸ್ಟಿನಲ್ಲೇ ಡೆಸ್ಕ್‌ಟಾಪಿಗೆ ಮಾತ್ರ ಎಂದು ಸಾರಿಕೊಂಡವು ನಾಲ್ಕನೆಯವು, ಸಮುದ್ರಯಾನ ನಿಷಿದ್ಧವೆಂದ ಹಳೆಯ ತಲೆಮಾರಿನವು. ಬರೆಯುವಷ್ಟೇ ಉತ್ಸಾಹದಿಂದ ಪ್ಲಗಿನ್ ಹಾಕಿಕೊಂಡವನ ವಾಲ್ಟಿನಲ್ಲಿ ಸಂಸಾರಿಗಳಿಗಿಂತ ಸನ್ಯಾಸಿಗಳೇ ಹೆಚ್ಚು. ಆ್ಯಪಿನ ಸೆಟ್ಟಿಂಗ್ ಪರದೆಯಲ್ಲಿ ಇವರನ್ನು ನೋಡುತ್ತ ಹೋದರೆ ಒಬ್ಬೊಬ್ಬರ ಮೇಲೂ ಕನಿಕರ ಹುಟ್ಟಿ ಯಾರನ್ನೂ ಕಳುಹಿಸಲಾಗುವುದಿಲ್ಲ. ಟರ್ಮಿನಲ್ಲಿನ ಒಂದೇ ಬಣ್ಣದ ಸಾಲುಗಳಲ್ಲಿ ಚಿತ್ರವಿಲ್ಲ, ವರ್ಣನೆಯಿಲ್ಲ, ಕನಿಕರಕ್ಕೆ ಹಿಡಿಯಲು ಕೊಕ್ಕೆಯಿಲ್ಲ. ಹಾಕಲು ಸುಲಭವೆಂದು ಈ ಉಪಕರಣವನ್ನು ಹೊಗಳುತ್ತಾರೆ. ಈ ಗ್ರಂಥಕಾರನ ಮತದಲ್ಲಿ ಅದರ ಮಹಿಮೆ ಇರುವುದು ತೆಗೆಯುವುದರಲ್ಲಿ.

ತೆಗೆಯುವಾಗ ಡೇಟಾ ಕಡತವನ್ನು ಏನು ಮಾಡಬೇಕು? ಇಲ್ಲಿ ಎರಡು ಪಂಥ. ಶೇಷವಾದಿಗಳ ಪ್ರಕಾರ ಸೆಟ್ಟಿಂಗ್‌ಗಳು ಪೂರ್ವಜನ್ಮದ ಸಂಸ್ಕಾರ. ಪ್ಲಗಿನ್ ಪುನಃ ಹುಟ್ಟಿದಾಗ ಬೇಕಾಗುತ್ತವೆ, ಅಳಿಸಕೂಡದು. ನಿಶ್ಶೇಷವಾದಿಗಳು ಕೋಣೆಯನ್ನು ಗುಡಿಸಿ ಸಾರಿಸಿ ಹೋಗೆನ್ನುತ್ತಾರೆ. ಕ್ಯಾಲೆಂಡರಿನ ವಾರ ಭಾನುವಾರ ಶುರುವೋ ಸೋಮವಾರವೋ ಎಂಬಷ್ಟೇ ಆ ಕಡತದಲ್ಲಿದ್ದಿದ್ದರೆ ಶೇಷವಾದಿಗಳಿಗೆ ಜಯ ಸಲ್ಲುತ್ತಿತ್ತು. ಆದರೆ ಎಐ ಸೇವೆಗಳನ್ನು ಕರೆಯುವ ಎಷ್ಟೋ ಪ್ಲಗಿನ್‌ಗಳು ಹಣ ಕಟ್ಟಿ ಪಡೆದ ಎಪಿಐ ಕೀಲಿಯನ್ನು ಇಲ್ಲಿಯೇ, ಯಾರು ಬೇಕಾದರೂ ಓದುವಂಥ ಸಾದಾ ಪಠ್ಯದಲ್ಲಿ ಇಡುತ್ತವೆ. ವಾಲ್ಟನ್ನು ಗಿಟ್‌ಹಬ್‌ಗೆ ತಳ್ಳಿದವನು ಕೀಲಿಯನ್ನೂ ತಳ್ಳಿರುತ್ತಾನೆ, ಇವತ್ತು ಕಡತ ಅಳಿಸಿದರೂ ಗಿಟ್ ಇತಿಹಾಸದಲ್ಲಿ ಅದು ಹಾಗೇ ಕೂತಿರುತ್ತದೆ. ಆದ್ದರಿಂದ ನಿರ್ಣಯ ಹೀಗೆ: ಮೊದಲು ಕೀಲಿಯನ್ನು ಅದನ್ನು ಕೊಟ್ಟ ಸೇವೆಯಲ್ಲೇ ರದ್ದು ಮಾಡಿಸತಕ್ಕದ್ದು, ಆಮೇಲೆ ಡೇಟಾ ಸಹಿತ ಕೋಣೆಯನ್ನು ಅಳಿಸತಕ್ಕದ್ದು, ಕೊನೆಗೆ ಚಾಲ್ತಿ ಪಟ್ಟಿಯಲ್ಲಿ ಪ್ರೇತ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳತಕ್ಕದ್ದು. ಈ ಕ್ರಮ ತಪ್ಪಿಸಿದವರು ಒಂದು ಕೃಷ್ಣಪಕ್ಷ ಪೂರ್ತಿ ರಿಸ್ಟ್ರಿಕ್ಟೆಡ್ ಮೋಡಿನಲ್ಲಿರಬೇಕು. ಅಧಿಕಮಾಸವಾದರೆ ಎರಡೂ ಪಕ್ಷ.