ಡಿಕ್ಕಿಯ ತಳದ ಐದನೆಯವನು

ಹೊಸ ಕಾರು ಮನೆಗೆ ಬಂದ ದಿನ ನಾಲ್ಕು ಚಕ್ರಕ್ಕೂ ಅರಿಶಿನ-ಕುಂಕುಮ, ಒಂದೊಂದರ ಅಡಿಗೂ ಒಂದೊಂದು ನಿಂಬೆಹಣ್ಣು. ಡಿಕ್ಕಿಯ ತಳದಲ್ಲಿ ಮಲಗಿರುವ ಐದನೆಯ ಚಕ್ರಕ್ಕೆ ಆಯುಧಪೂಜೆಯ ದಿನವೂ ಒಂದೆಳೆ ಹೂವಿಲ್ಲ. ಅದು ನೆನಪಾಗುವುದು ಹೆದ್ದಾರಿಯಲ್ಲಿ, ಸ್ಟೇರಿಂಗ್ ಎಡಕ್ಕೆ ಎಳೆಯತೊಡಗಿ, ಹಿಂದಿನ ಸೀಟಿನಿಂದ ಅತ್ತೆಯವರು "ಏನೋ ಟಪಟಪ ಅಂತಿದೆಯಲ್ಲ" ಎಂದಾಗ.

ಅಳಿಯ ಇಳಿದು ಮೊದಲು ಟೈರನ್ನು ಒದೆಯುತ್ತಾನೆ. ಒದ್ದರೆ ಏನು ತಿಳಿಯುತ್ತದೋ ಯಾರಿಗೂ ಗೊತ್ತಿಲ್ಲ. ಒದೆಯದ ಗಂಡಸಂತೂ ಇಲ್ಲ. ಆಮೇಲೆ ಡಿಕ್ಕಿ ಖಾಲಿಯಾಗಬೇಕು. ರೇಷ್ಮೆ ಸೀರೆಯ ಸೂಟ್‌ಕೇಸು, ತಾಂಬೂಲದ ತೆಂಗಿನಕಾಯಿ, ಚನ್ನಪಟ್ಟಣದ ಬೊಂಬೆ, ಮದ್ದೂರು ವಡೆಯ ಪೊಟ್ಟಣ ಎಲ್ಲವೂ ರಸ್ತೆಬದಿಯಲ್ಲಿ ಸಾಲಾಗಿ ಕೂರುತ್ತವೆ. ತಳದ ರಟ್ಟು ಎತ್ತಿ ಸ್ಟೆಪ್ನಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಕಾರು ಕೊಂಡಾಗಿನಿಂದ ಅದಕ್ಕೆ ಯಾರೂ ಗಾಳಿ ಹಾಕಿಸಿಲ್ಲ.

ಮೊದಮೊದಲ ಕಾರುಗಳಿಗೆ ಸ್ಟೆಪ್ನಿಯೇ ಇರಲಿಲ್ಲ. 1895ರ ಪ್ಯಾರಿಸ್-ಬೋರ್ಡೋ-ಪ್ಯಾರಿಸ್ ಪಂದ್ಯಕ್ಕೆ ಗಾಳಿ ತುಂಬಿದ ಟೈರಿನ ಕಾರು ತಂದ ಮಿಶೆಲಿನ್ ಸಹೋದರರು ದಾರಿಯುದ್ದಕ್ಕೂ ಪಂಚರ್ ಹಾಕುತ್ತಲೇ ಹೋಗಿಬಂದರು. ವೇಲ್ಸ್‌ನ ಲನೆಲಿ ಪಟ್ಟಣದಲ್ಲಿ, ಸ್ಟೆಪ್ನಿ ಸ್ಟ್ರೀಟ್‌ನ ಡೇವಿಸ್ ಎಂಬಿಬ್ಬರು 1904ರಲ್ಲಿ ಗಾಳಿ ತುಂಬಿದ ಟೈರಿರುವ ರಿಮ್ಮೊಂದನ್ನು ಮಾರಾಟಕ್ಕಿಟ್ಟರು. ಕೆಟ್ಟ ಚಕ್ರವನ್ನು ಬಿಚ್ಚದೆ ಅದಕ್ಕೇ ಇದನ್ನು ಕಚ್ಚಿಸಿಕೊಂಡು ಮನೆ ಸೇರಬಹುದಿತ್ತು. ಈಗ ಕಾಲ ತಿರುಗಿದೆ. 2020ರ ಅಕ್ಟೋಬರ್‌ನಿಂದ ನಮ್ಮಲ್ಲಿ ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ಹೇಳುವ ಸೆನ್ಸರ್, ರಿಪೇರಿ ಕಿಟ್ ಮೂರೂ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಮೊಳೆಯ ತೂತಿಗೆ ಕಿಟ್ ಸಾಕು, ನಿಜ. ಟೈರಿನ ಪಕ್ಕೆ ಹರಿದರೆ ಮಾತ್ರ ಆ ಕಿಟ್ಟನ್ನು ಕೈಯಲ್ಲಿ ಹಿಡಿದು ನಿಲ್ಲಬೇಕಷ್ಟೆ.

ಇನ್ನು ನಟ್ಟುಗಳ ಕಥೆ. ಟೈರ್ ಅಂಗಡಿಯವರು ಗಾಳಿಯ ಗನ್ನಿನಿಂದ ಗರ್‌ರೆಂದು ಬಿಗಿದ ನಟ್ಟನ್ನು, ಕಂಪನಿ ಕೊಟ್ಟ ಗೇಣುದ್ದದ ಪಾನಾದಿಂದ ಬಿಚ್ಚುವುದು ಸಾಮಾನ್ಯ ಕೆಲಸವಲ್ಲ. ಕೈಯಿಂದ ಆಗದಾಗ ಪಾನಾದ ತುದಿಗೆ ಕಾಲಿಟ್ಟು ಒಮ್ಮೆ ಕುಪ್ಪಳಿಸಬೇಕು. ಅದೂ ಜಾಕಿ ಏರಿಸುವ ಮೊದಲು. ಏರಿಸಿದ ಮೇಲೆ ಕುಪ್ಪಳಿಸಿದರೆ ನಟ್ಟಿನ ಬದಲು ಕಾರೇ ಜಾರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಎದುರು ಮೂಲೆಯ ಚಕ್ರಕ್ಕೊಂದು ಕಲ್ಲು ಕೊಟ್ಟಿರಬೇಕು. ಟಾಟಾ ನ್ಯಾನೋ ಇಟ್ಟುಕೊಂಡವರು ಈ ವಿಷಯದಲ್ಲಿ ಪುಣ್ಯವಂತರು: ಚಕ್ರಕ್ಕೆ ಮೂರೇ ನಟ್ಟು, ಸ್ಟೆಪ್ನಿ ಮುಂದಿನ ಬಾನೆಟ್ಟಿನೊಳಗೆ. ವಡೆಯ ಪೊಟ್ಟಣಕ್ಕೆ ಧೂಳು ಹಿಡಿಯುವ ಪ್ರಮೇಯವೇ ಇಲ್ಲ.

ಮೈಸೂರಿನ ಹಳೆಯ ರಸ್ತೆಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಸಲಹೆಗಾರರು ಸುತ್ತುವರಿದಿರುತ್ತಿದ್ದರು. ಎಳನೀರಿನವನು "ಜಾಕಿ ಹಿಂದಕ್ಕೆ ಕೊಡಿ ಸಾ" ಎನ್ನುತ್ತಿದ್ದ, ಬೈಕಿನವನು "ಬ್ಯಾಡ ಮುಂದಕ್ಕೆ" ಎನ್ನುತ್ತಿದ್ದ, ಅಷ್ಟರಲ್ಲಿ ಮೂರನೆಯವನು ಪಾನಾ ಕಿತ್ತುಕೊಂಡು ಕೆಲಸವನ್ನೇ ಮುಗಿಸುತ್ತಿದ್ದ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಗೆ ಬೈಕು, ಆಟೋಗಳಿಗೆ ಪ್ರವೇಶವಿಲ್ಲ. ರಾಮನಗರ, ಚನ್ನಪಟ್ಟಣ, ಮದ್ದೂರುಗಳೆಲ್ಲ ಪಕ್ಕಕ್ಕೆ ಸರಿದಿವೆ. ಬೇಲಿಯಾಚೆ ಸರ್ವಿಸ್ ರಸ್ತೆಯಲ್ಲಿ ಹಳೇ ಟೈರಿಗೆ ಸುಣ್ಣದಲ್ಲಿ 'ಪಂಚರ್' ಎಂದು ಬರೆದು ನೇತುಹಾಕಿದ್ದು ಕಾಣುತ್ತದೆ, ಕೈಗೆ ಎಟುಕುವುದಿಲ್ಲ.

ಹೇಗೋ ಆ ಅಂಗಡಿ ತಲುಪಿದರೆ ಮಾತ್ರ ನೋಡಿ ಕಲಿಯಬೇಕಾದ ಕೈಚಳಕ. ಹುಡುಗ ಟೈರನ್ನು ಸೋಪಿನ ನೀರಿನಲ್ಲಿ ಒರೆಸಿ ಗುಳ್ಳೆ ಹುಡುಕುತ್ತಾನೆ. ಮೊಳೆ ಕಿತ್ತು, ಅರದಂಥ ಕಡ್ಡಿಯಿಂದ ತೂತನ್ನು ತಿಕ್ಕಿ, ಅಂಟುಬತ್ತಿಯನ್ನು ಒಳಗೆ ತಳ್ಳಿ, ಹೊರಗುಳಿದ ಬಾಲ ಕತ್ತರಿಸುತ್ತಾನೆ. ಕೊನೆಗೆ ಬೆರಳಿಗೆ ಎಂಜಲು ಮುಟ್ಟಿಸಿ ವಾಲ್ವಿನ ಬಾಯಿಗೆ ಸವರುತ್ತಾನೆ. ಗುಳ್ಳೆ ಏಳದಿದ್ದರೆ ಪಾಸು.

ಮೊಳೆ ಎಲ್ಲಿಂದ ಬಂತೆಂದು ಅವನನ್ನು ಕೇಳುವುದು ಸಭ್ಯತೆಯಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರೊಬ್ಬರು ಕೋಲಿಗೆ ಅಯಸ್ಕಾಂತ ಕಟ್ಟಿಕೊಂಡು ಕಿಲೋಗಟ್ಟಲೆ ಮೊಳೆ ಹೆಕ್ಕಿದ್ದು ಪತ್ರಿಕೆಗಳಲ್ಲೇ ಬಂದಿತ್ತು. ಅಷ್ಟು ಮೊಳೆ ತಾನಾಗಿ ಉದುರಿತೆಂದು ನಂಬಲು ತುಂಬ ಒಳ್ಳೆಯ ಮನಸ್ಸು ಬೇಕು.

ಸ್ಟೆಪ್ನಿಯೂ ಕೈಕೊಟ್ಟು ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತವರಿಗೆ ಸಹಾಯವಾಣಿ 1033 ಇದೆ, ಹಗಲಿರುಳೂ. ಮೊಬೈಲಿನಲ್ಲಿ ಚಾರ್ಜ್ ಇರುವಾಗಲೇ ಸೇವ್ ಮಾಡಿಕೊಳ್ಳಿ.